ಕಾವಲು

'ಕಾ', 'ಕಾಯ್' ಧಾತುವಿನಿಂದ ಬಂದ ಅಚ್ಚಗನ್ನಡ ಪದ. ರಕ್ಷಣೆ, ಪಹರೆ ಎಂಬುದು ಒಂದು ಅರ್ಥ. ದನಗಳಿಗೆಂದು ಕಾದಿರಿಸಿದ ಮೇವಿನ ನೆಲ ಇನ್ನೊಂದು. 'ಹುಲ್ಲು' ಪದದ ಜೊತೆ ಸೇರಿದಾಗ ಆದೇಶ ಸಂಧಿಯಿಂದ 'ಹುಲ್ಲುಗಾವಲು'.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ 'ಬೆಣ್ಣೆ ಚಾವಡಿ' ಎಂಬ ಇಲಾಖೆಗೆ 'ಅಮೃತ ಮಹಲ್' ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಅದರ ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಹಿಂಡು ಋತುವಿಗೆ ತಕ್ಕಂತೆ ಸಾಗುತ್ತಿದ್ದುದರಿಂದ ಮೇಯ್ದ ಹುಲ್ಲಿಗೆ ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು.

ಚಿಕ್ಕಮಗಳೂರಿನ ಕಾಫಿ ಗುಡ್ಡಗಳಿಂದ ಇಳಿದು ಕಡೂರು, ಅಜ್ಜಂಪುರದ ಬಯಲಿಗೆ ಬಂದರೆ ಈ ಪದ ಇಂದಿಗೂ ಊರವರ ಬಾಯಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ದನ ಕಾಯುವುದು, ನೆಲ ಕಾಯುವುದು: ಕನ್ನಡದಲ್ಲಿ ಎರಡಕ್ಕೂ ಕ್ರಿಯಾಪದ ಒಂದೇ. ಎರಡೂ ಒಂದೇ ಕೆಲಸ ಎಂಬ ಅರಿವನ್ನೂ ನಾವು ಕಾಯಬೇಕು.