ಕೈಗೊಡಲಿ: ಕಲ್ಲಿನಿಂದ ಉಕ್ಕಿನವರೆಗೆ

‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮರವನ್ನು ಕಡಿಯುವುದು ಕೊಡಲಿಯೇ ಆದರೂ ಅದಕ್ಕೆ ಬಲ ಕೊಡುವುದು ಮರದಿಂದಲೇ ಮಾಡಿದ ಕಾವು. ತನ್ನವರ ಕೇಡಿಗೆ ತಾನೇ ಕಾರಣನಾಗುವವನ ಬಗ್ಗೆ ಹಿರಿಯರು ಆಡಿದ ಮಾತಿದು. ನೀತಿ ಒತ್ತಟ್ಟಿಗಿರಲಿ, ಈ ಗಾದೆಯೊಳಗೆ ಒಂದು ಐತಿಹಾಸಿಕ ಸತ್ಯವೂ ಅಡಗಿದೆ. ಕಾವು ಸೇರುವ ಮೊದಲು ಕೊಡಲಿ ಕೊಡಲಿಯಾಗಿರಲಿಲ್ಲ. ಮನುಷ್ಯ ಕಲ್ಲಿಗೆ ಹಿಡಿ ಹಾಕಿದ ದಿನವೇ ಕಾಡಿನ ಮತ್ತು ಊರಿನ ಚರಿತ್ರೆ ಬೇರೊಂದು ದಾರಿ ಹಿಡಿಯಿತು.

ಇಂದು ಚಾರಣಕ್ಕೆ ಹೊರಡುವವರು ಅಂಗಡಿಯಲ್ಲಿ ಒಂದು ಪುಟ್ಟ ಕೈಗೊಡಲಿಯನ್ನು ಕೊಳ್ಳುವಾಗ ನೋಡುವುದು ಮೂರು ಸಂಗತಿಗಳನ್ನು: ಬಾಯಿ ಹರಿತವಾಗಿದೆಯೇ, ಕಾವು ಗಟ್ಟಿಯಾಗಿದೆಯೇ, ತೂಕ ಕೈಗೆ ಒಗ್ಗುತ್ತದೆಯೇ? ಈ ಮೂರು ಪ್ರಶ್ನೆಗಳು ಹೊಸವಲ್ಲ. ಬಳ್ಳಾರಿಯ ಗುಡ್ಡಗಳ ಮೇಲೆ ಮೂರೂವರೆ ಸಾವಿರ ವರ್ಷಗಳ ಹಿಂದೆ ಕುಳಿತು ಕಲ್ಲು ಕೆತ್ತುತ್ತಿದ್ದವರು ಕೇಳಿಕೊಂಡದ್ದೂ ಇವೇ ಪ್ರಶ್ನೆಗಳನ್ನು.

ಹಿಡಿಯಿಲ್ಲದ ಕೊಡಲಿ

ಭಾರತದಲ್ಲಿ ಶಿಲಾಯುಗದ ಅಧ್ಯಯನ ಆರಂಭವಾದದ್ದೇ ಒಂದು ಕೈಗೊಡಲಿಯಿಂದ. ಭೂವಿಜ್ಞಾನ ಇಲಾಖೆಯ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಮನುಷ್ಯನ ಕೈಯಿಂದ ಕೆತ್ತಲ್ಪಟ್ಟ ಕಲ್ಲಿನ ಉಪಕರಣವೊಂದನ್ನು ಹೆಕ್ಕಿಕೊಂಡ. ಈ ದೇಶದಲ್ಲಿ ಹಳೆಯ ಶಿಲಾಯುಗದ ಮಾನವ ಬದುಕಿದ್ದ ಎಂಬುದಕ್ಕೆ ಅದು ಮೊದಲ ಸಾಕ್ಷಿಯಾಯಿತು.

ವಿದ್ವಾಂಸರು ‘ಕೈಗೊಡಲಿ’ ಎಂದು ಕರೆಯುವ ಈ ಉಪಕರಣಕ್ಕೆ ಹಿಡಿ ಇರಲಿಲ್ಲ. ಬಾದಾಮಿಯಾಕಾರದ ಕಲ್ಲನ್ನು ಅಂಗೈಯಲ್ಲೇ ಹಿಡಿದು ಕತ್ತರಿಸುವುದು, ತರಿಯುವುದು, ಎಲುಬು ಒಡೆಯುವುದು ಆಗಿನ ಕ್ರಮ. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಅವರು ಇಂತಹ ಉಪಕರಣಗಳನ್ನು ತಯಾರಿಸುತ್ತಿದ್ದ ತಾಣವನ್ನೇ ಬೆಳಕಿಗೆ ತಂದರು. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಅಲ್ಲೇ ಕೆತ್ತಿದ ಗುರುತುಗಳು ಅಲ್ಲಿವೆ. ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ವೈಜ್ಞಾನಿಕ ಪರೀಕ್ಷೆಗಳು ಸೂಚಿಸಿವೆ.

ಹಿಡಿಯಿಲ್ಲದ ಕಲ್ಲಿನಿಂದ ಮಾಂಸ ಕೊಯ್ಯಬಹುದು, ಮರ ಕೆಡಹುವುದು ಕಷ್ಟ. ಇದಕ್ಕೆ ಕಾರಣ ಸರಳ. ಏಟಿನ ಶಕ್ತಿ ತೂಕಕ್ಕಿಂತ ಹೆಚ್ಚಾಗಿ ವೇಗವನ್ನು ಅವಲಂಬಿಸಿದೆ. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೊಳದುದ್ದದ ಕಾವು ತೋಳನ್ನೇ ಉದ್ದವಾಗಿಸಿ ಆ ವೇಗವನ್ನು ಒದಗಿಸುತ್ತದೆ. ಬಾಯಿಯನ್ನು ಉಜ್ಜಿ ನಯಗೊಳಿಸಿ ಹಿಡಿ ಹಾಕಿದ ಕೊಡಲಿಗಳ ಅತಿ ಪ್ರಾಚೀನ ಕುರುಹುಗಳು ಆಸ್ಟ್ರೇಲಿಯಾದಲ್ಲಿ ದೊರೆತಿವೆ. ಅಲ್ಲಿನ ಒಂದು ಚೂರು 44 ಸಾವಿರ ವರ್ಷಗಳಿಗೂ ಹಳೆಯದೆಂದು 2016ರಲ್ಲಿ ವರದಿಯಾಯಿತು.

ಬಳ್ಳಾರಿಯ ಕಾರ್ಖಾನೆ

ಬ್ರೂಸ್ ಫೂಟ್ ಕೆಲಸದ ಮೇಲೆ ಬಳ್ಳಾರಿ ಸೀಮೆಗೂ ಬಂದ. 1872ರಲ್ಲಿ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಲ್ಲಿ ಅವನ ಕಣ್ಣಿಗೆ ಬಿದ್ದದ್ದು ನವಶಿಲಾಯುಗದ ಜನರ ನೆಲೆ. ಈ ಗುಡ್ಡಗಳು ಬಹುಪಾಲು ಗ್ರಾನೈಟಿನವು. ಆದರೆ ಹಿರೇಗುಡ್ಡದ ಮೈಯಲ್ಲಿ ಡಾಲರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಅದರ ಕಣಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಏಟಿಗೆ ಸುಲಭವಾಗಿ ಒಡೆಯುವುದಿಲ್ಲ. ಉಜ್ಜಿದರೆ ಒಳ್ಳೆಯ ಅಂಚು ಬರುತ್ತದೆ. ಕೊಡಲಿಗೆ ಯಾವ ಕಲ್ಲು ತಕ್ಕದ್ದು ಎಂಬುದನ್ನು ಆ ಜನ ಚೆನ್ನಾಗಿ ಅರಿತಿದ್ದರು.

1940ರ ದಶಕದಲ್ಲಿ ಬಿ. ಸುಬ್ಬರಾವ್, 1964-65ರಲ್ಲಿ ಝಡ್.ಡಿ. ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. 1990ರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಇಡೀ ಗುಡ್ಡಸಾಲನ್ನು ಮತ್ತೆ ಪರಿಶೀಲಿಸಿದರು. ಹಿರೇಗುಡ್ಡದ ಮೇಲೆ ಅವರಿಗೆ ಕಂಡದ್ದು ಒಂದು ದೊಡ್ಡ ಕೊಡಲಿ ಕಾರ್ಖಾನೆ. ಕೆತ್ತುವಾಗ ಹಾರಿದ ಚೆಕ್ಕೆಗಳು ರಾಶಿರಾಶಿಯಾಗಿ ಬಿದ್ದಿದ್ದವು. ಅರ್ಧ ಕೆತ್ತಿ ಬಿಟ್ಟವು, ಕೆತ್ತುವಾಗ ಮುರಿದವು, ಉಜ್ಜುವುದಕ್ಕೆ ಸಿದ್ಧವಾದವು ಹೀಗೆ ತಯಾರಿಕೆಯ ಎಲ್ಲ ಹಂತಗಳೂ ಅಲ್ಲಿದ್ದವು. ಸುಮಾರು ಕ್ರಿ.ಪೂ. 1400ರಿಂದ 1200ರ ಅವಧಿಯಲ್ಲಿ ಈ ಕೆಲಸ ಬಿರುಸಾಗಿತ್ತು. ಒಂದು ಊರಿನ ಅಗತ್ಯಕ್ಕಿಂತ ಹೆಚ್ಚಿನ ಕೊಡಲಿಗಳು ಇಲ್ಲಿ ತಯಾರಾಗುತ್ತಿದ್ದುದರಿಂದ ಅವು ಸುತ್ತಲಿನ ಊರುಗಳಿಗೂ ಹೋಗುತ್ತಿದ್ದವು ಎಂಬುದು ವಿದ್ವಾಂಸರ ಅಭಿಪ್ರಾಯ.

ಕೆಲಸದ ಕ್ರಮವನ್ನು ಗಮನಿಸಬೇಕು. ಮೊದಲು ಬಂಡೆಯಿಂದ ಹೋಳು ಎಬ್ಬಿಸಬೇಕು. ಕಲ್ಲಿನ ಸುತ್ತಿಗೆಯಿಂದ ಚೆಕ್ಕೆ ತೆಗೆದು ಆಕಾರ ಕೊಡಬೇಕು. ಉಬ್ಬುತಗ್ಗುಗಳನ್ನು ಕುಟ್ಟಿ ಸಮ ಮಾಡಬೇಕು. ಕೊನೆಗೆ ಬಂಡೆಯ ಮೇಲೆ ಉಜ್ಜಿ ಬಾಯಿ ತೆಗೆಯಬೇಕು. ಹೀಗೆ ಉಜ್ಜಿ ಉಜ್ಜಿ ಸವೆದ ಉದ್ದನೆಯ ತಗ್ಗುಗಳು ಗ್ರಾನೈಟ್ ಬಂಡೆಗಳಲ್ಲಿ ಇಂದಿಗೂ ಉಳಿದಿವೆ. ಮೊಂಡಾದ ಕೊಡಲಿಯನ್ನು ಎಸೆಯದೆ ಮತ್ತೆ ಮತ್ತೆ ಉಜ್ಜಿ ಹರಿತ ಮಾಡಿಕೊಂಡದ್ದರಿಂದ ಹಲವು ಕೊಡಲಿಗಳು ಗಿಡ್ಡವಾಗಿವೆ. ಸಾಣೆ ಹಿಡಿಯುವ ವಿದ್ಯೆ ಲೋಹಕ್ಕಿಂತ ಹಳೆಯದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇಂತಹ ಕೊಡಲಿಗಳು ಹೇರಳವಾಗಿ ಸಿಕ್ಕವು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1940ರ ದಶಕದ ಆರಂಭದಲ್ಲಿ ಅಲ್ಲಿ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದು, ಅಲ್ಲಿನ ಅತ್ಯಂತ ಹಳೆಯ ಸಂಸ್ಕೃತಿಗೆ ‘ಬ್ರಹ್ಮಗಿರಿ ಕಲ್ಗೊಡಲಿ ಸಂಸ್ಕೃತಿ’ ಎಂದೇ ಹೆಸರಿಟ್ಟ. ಒಂದು ಜನಾಂಗದ ಬದುಕನ್ನು ಅದರ ಕೊಡಲಿಯಿಂದ ಗುರುತಿಸಿದ್ದು ಅತಿಶಯವೇನಲ್ಲ. ದನ ಕಟ್ಟಲು ದೊಡ್ಡಿ, ಇರಲು ಗುಡಿಸಲು, ಕಿರುಧಾನ್ಯ ಬೆಳೆಯಲು ಬಯಲು ಎಲ್ಲವೂ ಕೊಡಲಿಯ ಕೃಪೆಯಿಂದಲೇ ಬರಬೇಕಿತ್ತು.

ಕಾಲ ಸರಿದಂತೆ ಕಲ್ಲಿನ ಕೊಡಲಿಯ ನೆನಪು ಅಳಿಯಿತು. ಹೊಲ ಉಳುವಾಗ ಸಿಕ್ಕ ನುಣುಪಾದ ಕಲ್ಲುಗಳು ಜನರಿಗೆ ದೈವಿಕವಾಗಿ ಕಂಡವು. ಯುರೋಪಿನಲ್ಲಿ ಅವನ್ನು ಆಕಾಶದಿಂದ ಬಿದ್ದ ಸಿಡಿಲಿನ ಕಲ್ಲುಗಳೆಂದು ನಂಬಿದ್ದರು. 1860ರ ಸುಮಾರಿಗೆ ರೈಲ್ವೆ ಎಂಜಿನಿಯರ್ ಲೆ ಮೆಸುರಿಯರ್ ಉತ್ತರ ಭಾರತದ ಟೋನ್ಸ್ ನದಿ ಕಣಿವೆಯಲ್ಲಿ ಇಂತಹ ಕೊಡಲಿಗಳನ್ನು ಕಂಡದ್ದು ಅರಳಿಮರದ ಬುಡದಲ್ಲಿ, ಪೂಜೆಗೊಳ್ಳುತ್ತಿದ್ದ ಸ್ಥಿತಿಯಲ್ಲಿ!

ಡೆನ್ಮಾರ್ಕಿನ ಪ್ರಯೋಗ

ಕಲ್ಲಿನ ಕೊಡಲಿಯಿಂದ ನಿಜವಾಗಿಯೂ ಮರ ಕಡಿಯಬಹುದೇ? 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳಾದ ಇವರ್ಸೆನ್ ಮತ್ತು ಟ್ರೋಲ್ಸ್-ಸ್ಮಿತ್ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರು. ವಸ್ತುಸಂಗ್ರಹಾಲಯದಲ್ಲಿದ್ದ ನವಶಿಲಾಯುಗದ ಚಕಮಕಿ ಕಲ್ಲಿನ ಕೊಡಲಿಗಳಿಗೆ ಹಳೆಯ ಮಾದರಿಯ ಕಾವು ಹಾಕಿಸಿ ಡ್ರಾವೆಡ್ ಎಂಬ ಕಾಡಿಗೆ ಒಯ್ದರು. ಅನುಭವಸ್ಥ ಮರಕಡುಕರನ್ನು ಕರೆಸಿದರು. ಅವರು ಉಕ್ಕಿನ ಕೊಡಲಿಯನ್ನು ಬೀಸುವಂತೆ ಮೈಭಾರವನ್ನೆಲ್ಲ ಹಾಕಿ ಬೀಸಿದಾಗ ಕಲ್ಲಿನ ಬಾಯಿ ಮುರಿಯಿತು. ಮೊಣಕೈ ಮತ್ತು ಮಣಿಕಟ್ಟಿನಿಂದ ಪುಟ್ಟ ಪುಟ್ಟ ಚುರುಕು ಏಟು ಹಾಕುವುದನ್ನು ಕಲಿತ ಮೇಲೆ ಕೆಲಸ ಸಲೀಸಾಯಿತು. ಮೂವರು ಸೇರಿ ನಾಲ್ಕು ಗಂಟೆಗಳಲ್ಲಿ ಸುಮಾರು 500 ಚದರ ಮೀಟರ್ ಕಾಡನ್ನು ಬಯಲು ಮಾಡಿದರು. ನಾಲ್ಕು ಸಾವಿರ ವರ್ಷ ಸಾಣೆ ಕಾಣದ ಒಂದು ಕೊಡಲಿ ನೂರಕ್ಕೂ ಹೆಚ್ಚು ಮರಗಳನ್ನು ಉರುಳಿಸಿತು.

ಚಿಕ್ಕ ಕೊಡಲಿ ಹಿಡಿದವನು ಇಂದಿಗೂ ನೆನಪಿಡಬೇಕಾದ ಪಾಠವಿದು. ಕೈಗೊಡಲಿ ಬಲವಂತಕ್ಕೆ ಒಗ್ಗುವ ಆಯುಧವಲ್ಲ. ಭಾರವಾದ ಕೊಡಲಿ ಬೀಸಿ ದಣಿದ ಕೈ ಗುರಿ ತಪ್ಪುತ್ತದೆ. ತಪ್ಪಿದ ಏಟು ಬೀಳುವುದು ಮೊಣಕಾಲಿಗೆ.

ಹಿಮದಲ್ಲಿ ಸಿಕ್ಕ ದಾರಿಹೋಕ

ಪ್ರಯಾಣಿಕನೊಬ್ಬ ಒಯ್ಯುತ್ತಿದ್ದ ಕೈಗೊಡಲಿ ಕಾವಿನ ಸಮೇತ ಸಿಕ್ಕಿದ ಅಪೂರ್ವ ನಿದರ್ಶನವೊಂದಿದೆ. 1991ರ ಸೆಪ್ಟೆಂಬರ್ 19ರಂದು ಆಸ್ಟ್ರಿಯ-ಇಟಲಿ ಗಡಿಯ ಆಲ್ಪ್ಸ್ ಪರ್ವತದಲ್ಲಿ ಚಾರಣಿಗ ದಂಪತಿಗೆ ಹಿಮದಲ್ಲಿ ಹೂತ ಶವವೊಂದು ಕಾಣಿಸಿತು. ‘ಓಟ್ಸಿ’ ಎಂದು ಹೆಸರಾದ ಆತ ಬದುಕಿದ್ದುದು 5,000 ವರ್ಷಗಳಿಗೂ ಹಿಂದೆ. ಆತನ ಬಳಿ ಸುಮಾರು 60 ಸೆಂಟಿಮೀಟರ್ ಉದ್ದದ ಯೂ ಮರದ ಕಾವಿದ್ದ ತಾಮ್ರದ ಕೊಡಲಿಯಿತ್ತು. ಅಲಗಿನ ಉದ್ದ 10 ಸೆಂಟಿಮೀಟರ್‌ಗಿಂತ ಕಡಿಮೆ. ಕಾವಿನ ಕವಲಿನಲ್ಲಿ ಅಲಗನ್ನು ಸಿಕ್ಕಿಸಿ, ಭೂರ್ಜ ಮರದ ಅಂಟು ಮೆತ್ತಿ, ತೊಗಲಿನ ಪಟ್ಟಿಯಿಂದ ಬಿಗಿದಿತ್ತು. ಆ ತಾಮ್ರ ಬಂದದ್ದು ದೂರದ ದಕ್ಷಿಣ ಟಸ್ಕನಿಯಿಂದ ಎಂದು 2017ರಲ್ಲಿ ತಿಳಿದುಬಂತು. ಚಾರಣಕ್ಕೆಂದು ಇಂದು ಮಾರುವ ಕೈಗೊಡಲಿಗಳು ಕೂಡ ಉದ್ದದಲ್ಲಿ ಇದಕ್ಕಿಂತ ಹೆಚ್ಚಾಗುವುದು ಕಡಿಮೆ. ಮನುಷ್ಯನ ತೋಳಿನ ಅಳತೆ ಬದಲಾಗದಿರುವಾಗ ಕೊಡಲಿಯ ಅಳತೆ ಏಕೆ ಬದಲಾದೀತು?

ಕಬ್ಬಿಣದ ಕಾಲ

ಕರ್ನಾಟಕದಲ್ಲಿ ಕಬ್ಬಿಣದ ಅತಿ ಹಳೆಯ ಕುರುಹುಗಳಲ್ಲಿ ಕೆಲವು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ದೊರೆತವು. 1965ರಲ್ಲಿ ನಾಗರಾಜರಾವ್ ನಡೆಸಿದ ಉತ್ಖನನ ಅಲ್ಲಿನ ಕಬ್ಬಿಣವನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಕಬ್ಬಿಣ ಬಂದ ಮೇಲೆ ಕಲ್ಲಿನ ಕೊಡಲಿ ಮೂಲೆ ಸೇರಿತು.

ಹೊಸ ಲೋಹ ಬಂದರೂ ಹಳೆಯ ಸಮಸ್ಯೆ ಉಳಿಯಿತು. ಕಾವನ್ನು ಸೇರಿಸುವುದು ಹೇಗೆ? ವಿದರ್ಭದ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಕಬ್ಬಿಣದ ಕೊಡಲಿಗಳು ಚಪ್ಪಟೆಯಾಗಿವೆ, ತೂತಿಲ್ಲ. ಅವನ್ನು ಕಾವಿಗೆ ಅಡ್ಡಡ್ಡಲಾದ ಕಬ್ಬಿಣದ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಕೊಡಲಿಯಲ್ಲೇ ತೂತು ಮಾಡಿ ಕಾವು ತೂರಿಸುವ ಕ್ರಮ ರೂಢಿಯಾದ ಮೇಲೆ ಈ ಕಷ್ಟ ತಪ್ಪಿತು. ಕಾವಿನ ತುದಿಯನ್ನು ಸೀಳಿ ಬೆಣೆ ಹೊಡೆದರೆ ಬಿಗಿ ಕೂರುತ್ತದೆ.

ಮುಂದಿನ ಹೆಜ್ಜೆ ಉಕ್ಕಿನದು. ಮೆತು ಕಬ್ಬಿಣ ಏಟು ತಾಳುತ್ತದೆ, ಆದರೆ ಬೇಗ ಮೊಂಡಾಗುತ್ತದೆ. ಉಕ್ಕು ಹರಿತವನ್ನು ಉಳಿಸಿಕೊಳ್ಳುತ್ತದೆ, ಹದ ತಪ್ಪಿದರೆ ಸಿಡಿಯುತ್ತದೆ. ಆದ್ದರಿಂದ ಮೈಗೆ ಕಬ್ಬಿಣ, ಬಾಯಿಗೆ ಉಕ್ಕು ಎಂಬ ಜಾಣ್ಮೆಯನ್ನು ಹಲವು ನಾಡುಗಳ ಕಮ್ಮಾರರು ಕಂಡುಕೊಂಡರು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ತಯಾರಾಗುತ್ತಿದ್ದ ಉಕ್ಕು ‘ವೂಟ್ಜ್’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು. ಆ ಪದದ ಮೂಲ ನಮ್ಮ ‘ಉಕ್ಕು’ ಎಂದೇ ಹಲವು ವಿದ್ವಾಂಸರ ಮತ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ಅತ್ತ ಅಮೆರಿಕದಲ್ಲಿ 1826ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಆರಂಭವಾದ ಕಾಲಿನ್ಸ್ ಕಂಪೆನಿ ಸಾಣೆ ಹಿಡಿದು ಸಿದ್ಧವಾದ ಕೊಡಲಿಗಳನ್ನು ಮಾರತೊಡಗಿತು. ಅದಕ್ಕೆ ಮೊದಲು ಕೊಡಲಿ ಕೊಂಡವನೇ ಗಂಟೆಗಟ್ಟಲೆ ಉಜ್ಜಿ ಬಾಯಿ ತೆಗೆಯಬೇಕಿತ್ತು. ಕಾಡು ಕಡಿಯುವ ಕಾಲ ಮುಗಿದು ಕಾಡಿನಲ್ಲಿ ವಿಹರಿಸುವ ಹವ್ಯಾಸ ಹುಟ್ಟಿದಾಗ ಕೊಡಲಿಯೂ ಚಿಕ್ಕದಾಯಿತು. ‘ನೆಸ್‌ಮಕ್’ ಎಂಬ ಕಾವ್ಯನಾಮದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲಿ ಬರೆದ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ ಹಗುರ ಹೊರೆಯ ಪ್ರಯಾಣವನ್ನು ಎತ್ತಿಹಿಡಿದ. ಅವನ ನೆಚ್ಚಿನ ಸಂಗಾತಿ ಎರಡು ಬಾಯಿಯ ಒಂದು ಪುಟ್ಟ ಕೊಡಲಿ.

ಕಮ್ಮಾರನ ಲೆಕ್ಕಾಚಾರ

ಹಳ್ಳಿಯ ಕುಲುಮೆಯಲ್ಲಿ ಇಷ್ಟೆಲ್ಲ ಚರಿತ್ರೆಯನ್ನು ಯಾರೂ ಹೇಳುವುದಿಲ್ಲ. ಆದರೆ ಅದರ ಸಾರ ಕಮ್ಮಾರನ ಕೈಯಲ್ಲಿದೆ. ತೆಳುವಾದ ಬಾಯಿ ಹಸಿ ಮರವನ್ನು ಚೆನ್ನಾಗಿ ಕಡಿಯುತ್ತದೆ, ದಪ್ಪ ಬಾಯಿ ಸೌದೆಯನ್ನು ಚೆನ್ನಾಗಿ ಸೀಳುತ್ತದೆ. ಎರಡಕ್ಕೂ ಒಂದೇ ಕೊಡಲಿ ಬೇಕೆನ್ನುವವನು ನಡುವಿನದನ್ನು ಆರಿಸಬೇಕು. ಕಾವಿಗೆ ದಿಂಡಿಗ, ದಡಸಲಿನಂತಹ ಗಟ್ಟಿಯಾಗಿಯೂ ಬಾಗಿಯೂ ಏಟು ತಾಳುವ ಮರ ಒಳ್ಳೆಯದು. ಮರ ಒಣಗಿರಬೇಕು, ಅದರ ಎಳೆ ಕಾವಿನ ಉದ್ದಕ್ಕೂ ನೇರವಾಗಿ ಹರಿದಿರಬೇಕು. ಎಳೆ ಅಡ್ಡ ಬಂದ ಕಾವು ಎಂದಾದರೊಂದು ದಿನ ಕೈಕೊಡುತ್ತದೆ.

ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಹಾಕುವುದು ಹಲವರ ರೂಢಿ. ಮರ ಉಬ್ಬಿ ಆ ಹೊತ್ತಿಗೆ ಬಿಗಿಯಾಗುತ್ತದೆ ನಿಜ, ಆದರೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಹೊಸ ಬೆಣೆ ಹೊಡೆಯುವುದೇ ಸರಿಯಾದ ದಾರಿ. ಹಾಗೆಯೇ ವಿದ್ಯುತ್ ಸಾಣೆಗೆ ಕೊಟ್ಟಾಗ ಬಾಯಿ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಅರ ಮತ್ತು ಸಾಣೆಕಲ್ಲು ನಿಧಾನವಾದರೂ ಕ್ಷೇಮ. ಕೆಲಸ ಮುಗಿದ ಮೇಲೆ ಒರೆಸಿ, ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಬಾಯಿಗೆ ತೊಗಲಿನ ಒರೆ ಹಾಕಿಟ್ಟರೆ ತುಕ್ಕೂ ಇಲ್ಲ, ಅಪಾಯವೂ ಇಲ್ಲ. ಕಾಡಿಗೆ ಒಯ್ಯುವವರು ಬಿದ್ದ ಒಣ ಕಟ್ಟಿಗೆಗಷ್ಟೇ, ಅದೂ ಅನುಮತಿ ಇದ್ದಲ್ಲಿ ಮಾತ್ರ ಅದನ್ನು ಬಳಸಬೇಕು. ನಿಂತ ಮರ ಅವರದಲ್ಲ.

ಗುಡ್ಡದ ಮೇಲೆ ಬಿದ್ದ ಏಟು

ಕೊಡಲಿಯ ಚರಿತ್ರೆಯನ್ನು ಕಾಪಾಡಿಕೊಂಡು ಬಂದ ಬಳ್ಳಾರಿಯ ಗುಡ್ಡಗಳಿಗೆ ಇತ್ತೀಚಿನ ದಶಕಗಳಲ್ಲಿ ಬಂದೊದಗಿದ ಕುತ್ತು ಕೊಡಲಿಯದಲ್ಲ, ಕಲ್ಲುಗಣಿಯದು. ರಸ್ತೆಗೂ ಕಟ್ಟಡಕ್ಕೂ ಜಲ್ಲಿ ಬೇಕು. ಜಲ್ಲಿಗೆ ಗುಡ್ಡ ಬೇಕು. ಗುಂಡಿ ತೋಡಿ ಸಿಡಿಮದ್ದು ತುಂಬುವವರಿಗೆ ಬಂಡೆಯ ಮೇಲಿನ ಉಜ್ಜಿದ ತಗ್ಗು, ಗೂಳಿಯ ಚಿತ್ರ, ಚೆಕ್ಕೆಗಳ ರಾಶಿ ಯಾವುದೂ ಬೇರೆಯಾಗಿ ಕಾಣುವುದಿಲ್ಲ. 2000ದ ದಶಕದ ಆರಂಭದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಪುರಾತತ್ವಜ್ಞರು ಈ ಬಗ್ಗೆ ಎಚ್ಚರಿಕೆ ನೀಡಿದರು.

ಅಗೆದು ತೆಗೆದ ವಸ್ತುಗಳಲ್ಲಿ ಹಲವು ಈಗ ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿವೆ. ಗಾಜಿನ ಹಿಂದೆ ಕುಳಿತ ಕಪ್ಪು ಕೊಡಲಿಗಳನ್ನು ಮಕ್ಕಳು ನೋಡಬಹುದು. ಆದರೆ ಅವನ್ನು ಉಜ್ಜಿದ ಬಂಡೆಯನ್ನು ಗಾಜಿನೊಳಗೆ ಇಡಲಾಗದು. ಅದು ಇದ್ದಲ್ಲೇ ಉಳಿಯಬೇಕು. ಕೊಡಲಿಗೆ ಹೊಸ ಕಾವು ಹಾಕಬಹುದು, ಮೊಂಡಾದ ಬಾಯಿಯನ್ನು ಮತ್ತೆ ಹರಿತ ಮಾಡಬಹುದು. ಒಡೆದು ಜಲ್ಲಿಯಾದ ಗುಡ್ಡವನ್ನು ಮತ್ತೆ ಕೂಡಿಸುವ ಕಮ್ಮಾರ ಯಾವ ಊರಲ್ಲೂ ಇಲ್ಲ.