ಪೊಲೀಸರು ಯಾರಿಗೆ ಉತ್ತರ ಕೊಡಬೇಕು? ಪಟೇಲರ ಕಾಲದಿಂದ ಇವತ್ತಿನವರೆಗೆ

ಇಡಗುಂಜಿಯಲ್ಲಿ ರಥಸಪ್ತಮಿ ತೇರಿನ ದಿನ ಪೊಲೀಸರನ್ನು ಕಂಡು ಯಾರೂ ಹೆದರುವುದಿಲ್ಲ. ಊರ ಹುಡುಗರು, ಪೊಲೀಸರು ಒಟ್ಟಿಗೇ ನಿಂತು ಜನರಿಗೆ ದಾರಿ ಮಾಡಿಕೊಡುತ್ತಾರೆ. ಅದೇ ಊರಿನವರಿಗೆ ಮರುವಾರ ಒಂದು ದೂರು ಕೊಡಬೇಕಾಗಿ ಬಂದರೆ ಮೊದಲು ಬರುವ ಪ್ರಶ್ನೆ: "ಠಾಣೆಯಲ್ಲಿ ಯಾರ ಗುರ್ತ ಉಂಟು?" ವರದಿಗೆಂದು ಹಳ್ಳಿಗಳಿಗೆ ಹೋದಾಗ ನಾವು ಹೆಚ್ಚು ಕೇಳುವ ಮಾತೂ ಇದೇ.

ಈ ಹೆದರಿಕೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೆ ನೂರೈವತ್ತು ವರ್ಷಗಳ ಚರಿತ್ರೆ ಇದೆ. ಅದನ್ನು ಮುರಿಯಲು ನಮ್ಮ ಜಿಲ್ಲೆಯ ಜನ ಮಾಡಿದ ಪ್ರಯತ್ನಗಳ ಚರಿತ್ರೆಯೂ ಇದೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಿನ ಪೊಲೀಸ್ ಕೆಲಸ ಪಟೇಲರದ್ದು. ಕಳವು, ಹೊಡೆದಾಟ, ಅನುಮಾನದ ಸಾವು, ಏನೇ ಆದರೂ ಮೇಲಕ್ಕೆ ತಿಳಿಸಬೇಕಾದವರು ಅವರು. ಪಟೇಲರು ಊರಿನವರೇ, ಆದರೆ ಊರಿಗೆ ಉತ್ತರ ಕೊಡಬೇಕಾದವರಲ್ಲ. ಅವರ ಮೇಲೆ ಅಧಿಕಾರ ಇದ್ದದ್ದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. 1890ರ ಜಿಲ್ಲಾ ಪೊಲೀಸ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರಲ್ಲಿ ಗಲಾಟೆ ಇದೆ ಎಂದು ಸರ್ಕಾರಕ್ಕೆ ಕಂಡರೆ ಹೆಚ್ಚುವರಿ ಪೊಲೀಸರನ್ನು ತಂದು ಕೂರಿಸಿ, ಖರ್ಚನ್ನು ಆ ಊರಿನವರಿಂದಲೇ ವಸೂಲಿ ಮಾಡಬಹುದಿತ್ತು. ಲಾಠಿ ಅವರದ್ದು, ಬಿಲ್ಲು ನಮ್ಮದು.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ಎದ್ದಿತು. ತೀರ್ವೆ ಕಟ್ಟುವುದಿಲ್ಲ ಎಂದದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಪಟೇಲರು ರಾಜೀನಾಮೆ ಕೊಟ್ಟ ಸಂಗತಿಯನ್ನು ಅಷ್ಟಾಗಿ ಓದಿಲ್ಲ. ಊರಿನ ಕಣ್ಣು ಕಿವಿಯಾಗಿ ಸರ್ಕಾರಕ್ಕೆ ಕೆಲಸ ಮಾಡುತ್ತಿದ್ದವರು ಆ ಕೆಲಸವನ್ನೇ ಬಿಟ್ಟರೆ ಆಡಳಿತಕ್ಕೆ ಊರೊಳಗೆ ಕಾಲಿಡುವುದು ಕಷ್ಟ. ಹಾಗೆ ಬಿಟ್ಟವರು ಸಣ್ಣ ಬೆಲೆ ಕೊಡಲಿಲ್ಲ. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲೇ ಒಂದು ಮಾತಿದೆ: ರಾಜೀನಾಮೆಯಿಂದ ತೆರವಾದ ಹುದ್ದೆಗೆ ಬೇರೆಯವರನ್ನು ಕಾಯಂ ನೇಮಿಸಿದ್ದರೆ ಹಳಬರಿಗೆ ಅದು ವಾಪಸ್ ಸಿಗುವುದಿಲ್ಲ.

ಜಪ್ತಿ ಆದ ಆಸ್ತಿಯನ್ನು ಕೊಂಡವರ ವಿರುದ್ಧ 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಕೈ ಎತ್ತಲಿಲ್ಲ, ಕಲ್ಲು ಹೊಡೆಯಲಿಲ್ಲ. ಅನ್ಯಾಯಕ್ಕೆ ಕೈಜೋಡಿಸಿದವರು ಊರಿಗೆ ಮುಖ ತೋರಿಸಲಾಗದ ಹಾಗೆ ಮಾಡಿದರು.

ಹೊನ್ನಾವರದಿಂದ ಘಟ್ಟ ಹತ್ತಿ ಮಾವಿನಗುಂಡಿ, ಸಾಗರ ದಾಟಿ ಹೋದರೆ ಶಿಕಾರಿಪುರ ತಾಲೂಕು. ಅಲ್ಲಿನ ಈಸೂರಿನವರು 1942ರಲ್ಲಿ ತಮ್ಮದೇ ಸರ್ಕಾರ ಘೋಷಿಸಿ, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಒಬ್ಬ ಹುಡುಗನನ್ನು ಅಮಲ್ದಾರ, ಇನ್ನೊಬ್ಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದರು. ನಮ್ಮ ಇನ್ಸ್‌ಪೆಕ್ಟರನ್ನು ನಾವೇ ನೇಮಿಸುತ್ತೇವೆ ಎಂದು ಒಂದು ಹಳ್ಳಿ ಹೇಳಿದ ಕ್ಷಣ ಅದು. ಆದರೆ ಆ ಸೆಪ್ಟೆಂಬರ್ 28ರಂದು ಊರಿಗೆ ಬಂದ ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಘರ್ಷಣೆಯಲ್ಲಿ ಕೊಲೆಯಾದರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು.

ಸ್ವಾತಂತ್ರ್ಯ ಬಂತು. 1963ರಲ್ಲಿ ವಂಶಪಾರಂಪರ್ಯದ ಪಟೇಲಿಕೆ ಹೋಯಿತು. ರಾಜ್ಯಕ್ಕೆಲ್ಲ ಒಂದೇ ಪೊಲೀಸ್ ಕಾಯ್ದೆಯೂ ಅದೇ ವರ್ಷದ್ದು. 1964ರಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಬಂತು. ದಳಕ್ಕೆ ದಳಪತಿಯೂ ಇದ್ದರು. ಆದರೆ ದಳವಿದ್ದದ್ದು ಪೊಲೀಸರ ಕೈಕೆಳಗೆ. ಊರಿನವರು ಪೊಲೀಸರಿಗೆ ಸಹಾಯ ಮಾಡಬಹುದು, ಲೆಕ್ಕ ಕೇಳುವಂತಿಲ್ಲ. ಹೆಸರು ಬದಲಾಯಿತು, ಉತ್ತರ ಹೋಗುವ ದಿಕ್ಕು ಬದಲಾಗಲಿಲ್ಲ.

ಲೆಕ್ಕ ಕೇಳುವ ದಾರಿ ತೆರೆದದ್ದು 2006ರ ಸೆಪ್ಟೆಂಬರ್ 22ರಂದು. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಅದರಲ್ಲೊಂದು, ಪೊಲೀಸರ ಮೇಲಿನ ದೂರು ಕೇಳಲು ರಾಜ್ಯದಲ್ಲೂ ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂಬುದು. ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು ಎಂದೂ ಹೇಳಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಪ್ರಾಧಿಕಾರಗಳನ್ನು ಸೇರಿಸಿತು. ಠಾಣೆಯಲ್ಲಿ ಸಾವು, ಗಂಭೀರ ಗಾಯ, ಅತ್ಯಾಚಾರದಂಥ ದೂರುಗಳಿಗೆ ಇರುವ ಬಾಗಿಲು ಇದು. ಹಳ್ಳಿಗಳಲ್ಲಿ ಇದರ ಹೆಸರು ಎತ್ತಿದರೆ "ಹಂಗೊಂದು ಉಂಟಾ?" ಎಂದು ನಮ್ಮನ್ನೇ ಕೇಳುತ್ತಾರೆ.

ಈ ದಾರಿ ಗೊತ್ತಿಲ್ಲದಿದ್ದರೆ, ಅಥವಾ ಇದರ ಮೇಲೆ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಪೊಲೀಸರು ಹೇಳಿದ್ದನ್ನು ಬಹಳ ಜನ ನಂಬಲಿಲ್ಲ. ವದಂತಿ ಓಡಿತು. ಕುಮಟೆಯಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಅನೇಕ ಹುಡುಗರ ಮೇಲೆ ಕೇಸಾಯಿತು. ತನಿಖೆ ಸಿಬಿಐಗೆ ಹೋಯಿತು. ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು 2022ರಲ್ಲಿ ಸಿಬಿಐ ವರದಿ ಕೊಟ್ಟಿತು. ಆ ಹೊತ್ತಿಗೆ ಹತ್ತಿರಹತ್ತಿರ ಐದು ವರ್ಷ ಕಳೆದಿತ್ತು. ಅಕ್ಕಪಕ್ಕದ ಮನೆಯವರ ನಡುವೆ ಬಿದ್ದ ಬಿರುಕು ಯಾವ ವರದಿಯಿಂದಲೂ ಮುಚ್ಚುವಂಥದ್ದಲ್ಲ.

ಗುಂಪು ಸೇರುವುದು ಬೇರೆ, ಸಂಘಟನೆ ಬೇರೆ. ಗುಂಪು ಒಂದು ದಿನ ಕೂಗಿ ಮನೆಗೆ ಹೋಗುತ್ತದೆ, ಕೇಸು ಮಾತ್ರ ಹುಡುಗರ ಹೆಗಲ ಮೇಲೆ ಉಳಿಯುತ್ತದೆ. ಸಂಘಟನೆ ಬರೆದು ಕೇಳುತ್ತದೆ, ಉತ್ತರ ಬರುವವರೆಗೂ ಕೇಳುತ್ತದೆ. ಹುದ್ದೆ ಬಿಟ್ಟ ಪಟೇಲರು, ಮಾವಿನಗುಂಡಿಯ ಹೆಂಗಸರು ತೋರಿಸಿದ್ದು ಈ ಎರಡನೆಯ ದಾರಿ.

ಇವತ್ತು ಆ ದಾರಿಯಲ್ಲಿ ಹೋಗಲು ಕೆಲವು ಸಾಧನಗಳಿವೆ. ದೂರು ಕೊಟ್ಟು ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದೆಲ್ಲ ಇದೆ. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ನಮ್ಮ ಠಾಣೆಯಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು.

ಗ್ರಾಮಸಭೆಗೆ ಪೊಲೀಸರ ಮೇಲೆ ಅಧಿಕಾರ ಇಲ್ಲ, ನಿಜ. ಆದರೆ ಬೀಟ್ ಪೊಲೀಸರನ್ನು ಸಭೆಗೆ ಕರೆಯಲು, ಜಿಲ್ಲಾ ದೂರು ಪ್ರಾಧಿಕಾರದ ವಿಳಾಸವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಲು ಯಾರ ಅಪ್ಪಣೆಯೂ ಬೇಡ. ಒಂದು ಠರಾವು ಸಾಕು.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಮಾತು ಮುಗಿದ ಮೇಲೆ ಈ ಒಂದು ಮಾತನ್ನೂ ಎತ್ತಿ. ಗುರ್ತದವರು ಯಾರೂ ಇಲ್ಲದ ಒಬ್ಬಳು ಹೆಂಗಸು ಒಬ್ಬಳೇ ಠಾಣೆಗೆ ಹೋಗಿ ದೂರು ಕೊಟ್ಟು, ಪ್ರತಿ ಹಿಡಿದುಕೊಂಡು ವಾಪಸ್ ಬರುವಂತಾದರೆ ಸಾಕು. ತೇರಿನ ದಿನದ ಪೊಲೀಸರು ಉಳಿದ ದಿನಗಳಲ್ಲೂ ನಮ್ಮವರಾಗುವುದು ಆವಾಗಲೇ.