ಅಂಕೆಗಳಿಗೆ ದನಿ ಬಂದ ಕತೆ: ಡಿಎಸಿ ಕೊಳ್ಳುವವರಿಗೊಂದು ಇತಿಹಾಸ ಪಾಠ

"ಮಾಷ್ಟ್ರೇ, ಮನೆಯ ಆಡಿಯೋ ಸಿಸ್ಟಮಿಗೆ ಒಂದು ಡಿಎಸಿ ತೆಗೆದುಕೊಳ್ಳಬೇಕೆಂದಿದ್ದೇನೆ, ಯಾವುದು ಒಳ್ಳೆಯದು?" ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಕೆಲಸದಲ್ಲಿರುವ ನಮ್ಮ ಶಾಲೆಗಳ ಹಳೆ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಡಿಎಸಿಯೂ ಉಂಟು, ಕಾರಿನ ಬೆಲೆಯ ಡಿಎಸಿಯೂ ಉಂಟು. ಜಾಹೀರಾತು ಓದಿದರೆ ಎರಡನೆಯದನ್ನು ಕೊಳ್ಳದವನಿಗೆ ಸಂಗೀತ ಕೇಳುವ ಯೋಗ್ಯತೆಯೇ ಇಲ್ಲವೇನೋ ಅನ್ನಿಸುತ್ತದೆ! ಕಂಪೆನಿಯ ಹೆಸರು ಹೇಳುವುದು ಸುಲಭ. ಆದರೆ ಈ ಯಂತ್ರ ಎಲ್ಲಿಂದ ಬಂತು, ಯಾವ ಕಷ್ಟ ಪರಿಹರಿಸಲು ಬಂತು ಎಂದು ತಿಳಿದರೆ ಯಾರಿಗೆ ಎಷ್ಟು ಹಣ ಕೊಡಬೇಕೆಂದು ನಾವೇ ತೀರ್ಮಾನಿಸಬಹುದು. ಹಾಗಾಗಿ ಈ ಬರಹ.

ಮೊದಲು ಡಿಎಸಿ ಎಂದರೇನು? ಸಿಡಿಯಲ್ಲಿ, ಮೊಬೈಲಿನಲ್ಲಿ, ಪೆನ್‌ಡ್ರೈವಿನಲ್ಲಿ ಹಾಡು ಇರುವುದು ಅಂಕೆಗಳ ರೂಪದಲ್ಲಿ. ಸ್ಪೀಕರಿಗೆ ಅಂಕೆ ಅರ್ಥವಾಗುವುದಿಲ್ಲ, ಅದಕ್ಕೆ ಬೇಕಾದುದು ಏರಿಳಿಯುವ ವಿದ್ಯುತ್ತು. ಅಂಕೆಯನ್ನು ಓದಿ ಅದಕ್ಕೆ ತಕ್ಕಷ್ಟು ವಿದ್ಯುತ್ತು ಕೊಡುವ ಸಾಧನವೇ ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಅಂದರೆ ಡಿಎಸಿ.

ಯುದ್ಧಕಾಲದ ಗುಟ್ಟು

ಧ್ವನಿಯನ್ನು ಅಂಕೆಗಳನ್ನಾಗಿ ಮಾಡಿ ಕಳುಹಿಸುವ ಆಲೋಚನೆ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. 1937ರಲ್ಲಿ ಪ್ಯಾರಿಸ್ಸಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರ್, ದೂರವಾಣಿ ತಂತಿಯ ಗೊರಗೊರ ಸದ್ದಿನಿಂದ ಪಾರಾಗುವ ದಾರಿ ಹುಡುಕುತ್ತಿದ್ದ. ತಂತಿ ಉದ್ದವಾದಷ್ಟೂ ಮಾತಿನ ಜೊತೆ ಸದ್ದೂ ಬೆಳೆಯುತ್ತಿತ್ತು. ಮಾತನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಆ ಅಳತೆಯ ಅಂಕೆಯನ್ನು ಮಾತ್ರ 'ಇದೆ–ಇಲ್ಲ' ಎಂಬ ಮಿಡಿತಗಳಲ್ಲಿ ಕಳುಹಿಸಿದರೆ? ಮಿಡಿತ ಇದೆಯೋ ಇಲ್ಲವೋ ಎಂದು ಗುರುತಿಸಲು ಸಾಧ್ಯವಿರುವವರೆಗೆ ನಡುವಿನ ಸದ್ದು ಲೆಕ್ಕಕ್ಕೇ ಬರುವುದಿಲ್ಲ! 1938ರಲ್ಲಿ ಆತ ಪೇಟೆಂಟ್ ಪಡೆಯಲು ಹೊರಟ ಈ ವಿಧಾನವೇ ಪಲ್ಸ್ ಕೋಡ್ ಮಾಡ್ಯುಲೇಶನ್. ಆದರೆ ಅಂದಿನ ವಾಲ್ವುಗಳ ಕಾಲದಲ್ಲಿ ಅದು ಬಹಳ ದುಬಾರಿಯಾಗಿತ್ತು.

ದುಬಾರಿಯಾದರೂ ಪರವಾಗಿಲ್ಲ ಎಂದದ್ದು ಯುದ್ಧ. ಅಮೆರಿಕದ ಬೆಲ್ ಪ್ರಯೋಗಾಲಯ ಕಟ್ಟಿದ 'ಸಿಗ್‌ಸ್ಯಾಲಿ' ಎಂಬ ಗುಪ್ತ ದೂರವಾಣಿ 1943ರಲ್ಲಿ ವಾಷಿಂಗ್ಟನ್–ಲಂಡನ್ ನಡುವೆ ಶುರುವಾಯಿತು. ಒಂದೊಂದು ಕೇಂದ್ರದ ಯಂತ್ರದ ತೂಕ ಸುಮಾರು 50 ಟನ್! ಮಾತನ್ನು ಅಂಕೆಗಳಾಗಿಸಿ, ಅದಕ್ಕೆ ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಗೊಂದಲದ ಸದ್ದನ್ನು ಕೂಡಿಸಿ ಕಳುಹಿಸುತ್ತಿದ್ದರು. ಅದರದೇ ಜೋಡಿ ತಟ್ಟೆ ಇದ್ದ ಕಡೆ ಮಾತ್ರ ಅದನ್ನು ಕಳೆದು ಮಾತನ್ನು ಮರಳಿ ಪಡೆಯಬಹುದಿತ್ತು. ಅಂದು ಒಂದು ಕೋಣೆ ತುಂಬ ಇದ್ದ ಕೆಲಸವನ್ನು ಇಂದು ನಿಮ್ಮ ಜೇಬಿನ ಮೊಬೈಲಿನಲ್ಲಿರುವ ಚಿಪ್ಪು ಮಾಡುತ್ತದೆ. ಈ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ, ಬೆಲೆಯ ಮಾತು ಬಂದಾಗ ಬೇಕಾಗುತ್ತದೆ.

44,100ರ ಲೆಕ್ಕ

ಸೆಕೆಂಡಿಗೆ ಎಷ್ಟು ಬಾರಿ ಅಳೆದರೆ ಸಾಕು? ನೈಕ್ವಿಸ್ಟ್ 1928ರಲ್ಲಿ, ರಷ್ಯಾದ ಕೊಟೆಲ್ನಿಕೊವ್ 1933ರಲ್ಲಿ, ಶಾನನ್ 1949ರಲ್ಲಿ ಬರೆದ ಲೇಖನಗಳಿಂದ ಉತ್ತರ ಸ್ಪಷ್ಟವಾಯಿತು: ಅತಿ ಎತ್ತರದ ಕಂಪನಕ್ಕಿಂತ ಇಮ್ಮಡಿಗೂ ಹೆಚ್ಚು ಬಾರಿ ಅಳೆದರೆ ಮೂಲವನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್. ಹಾಗಾದರೆ 40,000ಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಸಿಡಿಗೆ ಬಂದದ್ದು 44,100. ಈ ವಿಚಿತ್ರ ಸಂಖ್ಯೆ ಎಲ್ಲಿಯದು?

ಆಗ ಇಷ್ಟೊಂದು ಅಂಕೆಗಳನ್ನು ತುಂಬಿಡಬಲ್ಲ ಸುಲಭದ ಸಾಧನವೆಂದರೆ ಟಿವಿ ಚಿತ್ರ ಮುದ್ರಿಸುವ ವಿಡಿಯೋ ಟೇಪು ಮಾತ್ರ. ಚಿತ್ರದ ಒಂದೊಂದು ಗೆರೆಯಲ್ಲಿ 3 ಅಳತೆ ಬರೆಯುತ್ತಿದ್ದರು. ಯುರೋಪಿನ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರ್ಧಚಿತ್ರ, ಒಂದೊಂದರಲ್ಲಿ ಬಳಸಬಹುದಾದ ಗೆರೆ 294. ಗುಣಿಸಿ ನೋಡಿ: 294 × 50 × 3 = 44,100. ಅಮೆರಿಕ, ಜಪಾನ್‌ಗಳಲ್ಲಿ 60 ಅರ್ಧಚಿತ್ರ, 245 ಗೆರೆ. 245 × 60 × 3 = ಅದೂ 44,100! ಎರಡೂ ಲೋಕಕ್ಕೆ ಹೊಂದುವ ಸಂಖ್ಯೆ ಸಿಕ್ಕಿತು. ಇದು 210ರ ವರ್ಗವೂ ಹೌದು. ಗಣಿತದ ಮಾಷ್ಟ್ರುಗಳು ತರಗತಿಯಲ್ಲಿ ಧಾರಾಳ ಬಳಸಿಕೊಳ್ಳಬಹುದು.

ತಕ್ಕಡಿಯ ಕಷ್ಟ

1979ರ ಮಾರ್ಚಿನಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪೆನಿ ತನ್ನ ಸಿಡಿಯ ಮಾದರಿಯನ್ನು ಪ್ರದರ್ಶಿಸಿತು. ಆಮೇಲೆ ಜಪಾನಿನ ಸೋನಿ ಜೊತೆಗೂಡಿ ನಿಯಮ ರೂಪಿಸಿತು. ಅಲ್ಲೊಂದು ಜಗಳ: ಒಂದೊಂದು ಅಳತೆಗೆ 14 ಬಿಟ್ ಸಾಕೆಂದು ಫಿಲಿಪ್ಸ್, 16 ಬೇಕೆಂದು ಸೋನಿ. ಗೆದ್ದದ್ದು 16.

16 ಬಿಟ್ ಎಂದರೆ ಏನು ಕಷ್ಟ? ತಕ್ಕಡಿಯ ಬೊಡ್ಡುಗಳನ್ನು ಊಹಿಸಿಕೊಳ್ಳಿ. 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗುವ 16 ಬೊಡ್ಡುಗಳು. ಕೊನೆಯದರ ತೂಕ 32,768. ಬೇಕಾದವನ್ನು ಆರಿಸಿ ತಟ್ಟೆಗೆ ಹಾಕಿದರೆ 0ಯಿಂದ 65,535ರ ತನಕ ಯಾವ ತೂಕವನ್ನಾದರೂ ಕೊಡಬಹುದು. ಆದರೆ 32,768ರ ಬೊಡ್ಡು ಒಂದೇ ಒಂದು ಪಾಲು ಕಡಿಮೆಯಿದ್ದರೂ ಅತಿ ಚಿಕ್ಕ ಬೊಡ್ಡು ಇದ್ದೂ ಪ್ರಯೋಜನವಿಲ್ಲ. ಹಳೆಯ ಡಿಎಸಿಗಳಲ್ಲಿ ಬೊಡ್ಡುಗಳ ಕೆಲಸವನ್ನು ವಿದ್ಯುತ್ ಭಾಗಗಳು ಮಾಡುತ್ತಿದ್ದವು, ಅವನ್ನು ಅಷ್ಟು ನಿಖರವಾಗಿ ತಯಾರಿಸುವುದು ಆಗ ಸಾಹಸವೇ ಆಗಿತ್ತು.

1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಸಿಡಿಪಿ-101ರ ಬೆಲೆ 1,68,000 ಯೆನ್. ಅಷ್ಟು ಬೆಲೆಯ ಯಂತ್ರದಲ್ಲೂ ಇದ್ದದ್ದು ಒಂದೇ ಡಿಎಸಿ! ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಸರದಿಯಂತೆ ಅದೇ ದುಡಿಯುತ್ತಿತ್ತು. ಫಿಲಿಪ್ಸ್ ಬೇರೆ ದಾರಿ ಹಿಡಿಯಿತು. ತಾನು ಸಿದ್ಧಪಡಿಸಿದ್ದ 14 ಬಿಟ್ಟಿನ ಚಿಪ್ಪನ್ನು ಎಸೆಯದೆ ನಾಲ್ಕು ಪಟ್ಟು ವೇಗವಾಗಿ ಓಡಿಸಿತು. ಅಳತೆಯ ತಪ್ಪುಗಳನ್ನು ಲೆಕ್ಕಾಚಾರದ ಜಾಣ್ಮೆಯಿಂದ ಕಿವಿಗೆ ಕೇಳದ ಎತ್ತರದ ಕಂಪನಗಳ ಕಡೆಗೆ ತಳ್ಳಿ, 16 ಬಿಟ್ಟಿಗೆ ಸರಿದೂಗುವ ಫಲಿತಾಂಶ ಪಡೆಯಿತು. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯೇ ಎಲ್ಲವೂ ಅಲ್ಲ ಎಂಬ ಪಾಠ ಆ ಮೊದಲ ವರ್ಷಗಳಲ್ಲೇ ಸಿಕ್ಕಿತ್ತು.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ? ಬೊಡ್ಡು ಒಂದೇ ಸಾಕು, ಅದನ್ನು ಅತಿ ವೇಗವಾಗಿ ಹಾಕಿ ತೆಗೆದು ಸರಾಸರಿ ಹಿಡಿದರಾಯಿತು! 1962ರಲ್ಲಿ ಜಪಾನಿನ ಇನೋಸೆ, ಯಾಸುದಾ, ಮುರಕಾಮಿ ಪ್ರಕಟಿಸಿದ ಡೆಲ್ಟಾ-ಸಿಗ್ಮಾ ವಿಧಾನದ ಸಾರ ಇದೇ. 1980ರ ದಶಕದ ಕೊನೆಗೆ ಅದು ಸಿಡಿ ಪ್ಲೇಯರುಗಳಿಗೆ ಬಂತು. ನಿಖರ ಬೊಡ್ಡುಗಳ ಅಗತ್ಯ ತಪ್ಪಿ, ಅಗ್ಗದ ಚಿಪ್ಪುಗಳೇ ದುಬಾರಿ ಚಿಪ್ಪುಗಳ ಕೆಲಸ ಮಾಡತೊಡಗಿದವು. ಡಿಎಸಿಯನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು ಮನೆಗಳಿಗೆ ಮಾರುವ ವ್ಯಾಪಾರ ಬೆಳೆದದ್ದೂ ಆ ದಶಕದಲ್ಲೇ. ಆಗಿನ ಕೆಲವು ಪ್ಲೇಯರುಗಳ ಒಳಗಿನ ಡಿಎಸಿ ಸಾಧಾರಣ ಮಟ್ಟದ್ದಾಗಿದ್ದುದರಿಂದ ಆ ಪೆಟ್ಟಿಗೆಗೆ ನಿಜವಾಗಿಯೂ ಕೆಲಸವಿತ್ತು.

ಕಿವಿಯ ಪರೀಕ್ಷೆ

ಈಗ? 16 ಬಿಟ್ ಕೊಡುವ ಅಂತರ ಸುಮಾರು 96 ಡೆಸಿಬೆಲ್. ಹಳೆಯ ಕ್ಯಾಸೆಟ್ಟಿನಲ್ಲಿ ಅದು 50–60ರ ಆಸುಪಾಸು. 24 ಬಿಟ್, 192 ಕಿಲೋಹರ್ಟ್ಸ್ ಎಂದು ಮಾರುವವರಿಗೆ ಕೇಳಬೇಕಾದ ಪ್ರಶ್ನೆ: ವ್ಯತ್ಯಾಸ ಕೇಳಿಸುತ್ತದೆಯೇ?

2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಉನ್ನತ ಗುಣಮಟ್ಟದ ಧ್ವನಿಯನ್ನು ನೇರವಾಗಿಯೂ, ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿ ಯಾವುದು ಯಾವುದೆಂದು ಗುರುತಿಸಲು ಹೇಳಿದರು. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು! 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರ 52.3 ಶೇಕಡಾ ಬಂತು, ತರಬೇತಿ ಪಡೆದ ಕಿವಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ವ್ಯತ್ಯಾಸ ಸೊನ್ನೆ ಎಂದು ಹಟ ಹಿಡಿಯುವಂತಿಲ್ಲ, ಆದರೆ ಅದು ಬಹಳ ಸಣ್ಣದು.

ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಎರಡು ಡಿಎಸಿಗಳ ಸದ್ದಿನ ಮಟ್ಟ ಒಂದೇ ಮಾಡಿ. ಇದು ಮುಖ್ಯ, ಏಕೆಂದರೆ ಸ್ವಲ್ಪ ಜೋರಾಗಿ ಕೇಳುವುದು ಎಲ್ಲರಿಗೂ 'ಚೆನ್ನಾಗಿ' ಕೇಳುತ್ತದೆ. ಮತ್ತೆ ಮಗುವೊಂದಕ್ಕೆ ನಿಮಗೆ ತಿಳಿಯದಂತೆ ಬದಲಾಯಿಸಲು ಹೇಳಿ, ಹತ್ತು ಬಾರಿ ಊಹಿಸಿ. ಬರೀ ಅದೃಷ್ಟದಿಂದ 9 ಅಥವಾ 10 ಸರಿಯಾಗುವ ಸಾಧ್ಯತೆ 1024ರಲ್ಲಿ 11 ಮಾತ್ರ. ಅಷ್ಟು ಬಂದರೆ ಸಂತೋಷದಿಂದ ಕೊಳ್ಳಿ. ಐದಾರು ಬಂದರೆ ಹಣ ಉಳಿಯಿತು!

ಹಾಗಾದರೆ ಯಾವುದು ಕೊಳ್ಳಬೇಕು?

ನಿಮ್ಮ ಮೊಬೈಲು, ಟಿವಿ, ಲ್ಯಾಪ್‌ಟಾಪಿನ ಒಳಗೆ ಈಗಾಗಲೇ ಒಂದು ಡಿಎಸಿ ಇದೆ ಎಂಬುದು ನೆನಪಿರಲಿ. 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಇಯರ್‌ಫೋನಿನ ತೂತನ್ನು ತೆಗೆದುಹಾಕಿದಾಗ ಕೊಟ್ಟ ಗೇಣುದ್ದಕ್ಕಿಂತಲೂ ಚಿಕ್ಕ ತಂತಿಯೊಳಗೂ ಒಂದು ಡಿಎಸಿ ಇತ್ತು. ಆಗ ಅಮೆರಿಕದಲ್ಲಿ ಅದರ ಬೆಲೆ 9 ಡಾಲರ್ ಇತ್ತು. 50 ಟನ್ನಿನ ಕೋಣೆಯಿಂದ ಇಲ್ಲಿಗೆ ಬಂದಿದ್ದೇವೆ.

ಆದ್ದರಿಂದ ಮೊದಲು ಇರುವುದನ್ನೇ ಕೇಳಿ ನೋಡಿ. ಲ್ಯಾಪ್‌ಟಾಪಿಗೆ ಸ್ಪೀಕರ್ ಜೋಡಿಸಿದಾಗ ಕುಂಯ್‌ಗುಟ್ಟುವ ಸದ್ದು ಬರುತ್ತಿದ್ದರೆ, ಹಳೆಯ ಆಂಪ್ಲಿಫೈಯರಿಗೆ ಟಿವಿಯ ಡಿಜಿಟಲ್ ಸಂಪರ್ಕ ಕೊಡಬೇಕಿದ್ದರೆ, ದೊಡ್ಡ ಹೆಡ್‌ಫೋನಿಗೆ ಶಕ್ತಿ ಸಾಲದಿದ್ದರೆ ಹೊರಗಿನ ಡಿಎಸಿ ಬೇಕು. ಆಗ ನೋಡಬೇಕಾದುದು ಮೂರು: ನಿಮಗೆ ಬೇಕಾದ ತೂತುಗಳು ಇವೆಯೇ, ಹಾಡು ನಿಂತಾಗ ಪೂರ್ತಿ ನಿಶ್ಶಬ್ದವಿದೆಯೇ, ಕೆಟ್ಟರೆ ರಿಪೇರಿಗೆ ಹತ್ತಿರ ಯಾರಿದ್ದಾರೆ. ಕೆಲವು ಸಾವಿರ ರೂಪಾಯಿಗಳಲ್ಲಿ ಇಷ್ಟೂ ಮುಗಿಯುತ್ತದೆ. ಉಳಿದ ಹಣ ಸ್ಪೀಕರಿಗೆ. ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗುರುತಿಸಲು ತರಬೇತಿ ಬೇಡ, ಹಿತ್ತಿಲಲ್ಲಿ ಅಡಿಕೆ ಸುಲಿಯುವವರಿಗೂ ಗೊತ್ತಾಗುತ್ತದೆ.

ನಮ್ಮ ಊರಿನ ಮಾತು

ಇಷ್ಟೆಲ್ಲ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಕಾಸರಗೋಡಿನ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳಿವೆ. 2006ರಲ್ಲಿ ತೀರಿಹೋದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾತ್ರಿಯಿಡೀ ಆಡಿದ ಅರ್ಥ, ಯಾರೋ ಚಾಪೆಯ ಬದಿಯಲ್ಲಿಟ್ಟ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. 1956ರಿಂದ ಗಡಿಯ ಈಚೆಗೆ ಉಳಿದ ನಮಗೆ ಅದು ಬರೀ ಮನರಂಜನೆ ಅಲ್ಲ. ಇಲ್ಲಿಯ ಹಿರಿಯರು ಎಂಥ ಕನ್ನಡ ಆಡುತ್ತಿದ್ದರು ಎಂಬುದಕ್ಕೆ ಕಿವಿಯಿಂದ ಕೇಳಬಹುದಾದ ಸಾಕ್ಷಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಸ್ಟು ಹಿಡಿಯುತ್ತದೆ, ಅದನ್ನು ಓಡಿಸುವ ಪ್ಲೇಯರುಗಳೂ ಅಪರೂಪವಾಗುತ್ತಿವೆ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ಡಿಎಸಿಯ ತಿರುಗುಮುರುಗು ಕೆಲಸ, ದನಿಯನ್ನು ಅಂಕೆಯಾಗಿಸುವುದು. ಕ್ಯಾಸೆಟ್ಟಿನ ಗುಣಮಟ್ಟಕ್ಕೆ ಸಿಡಿಯ 16 ಬಿಟ್, 44,100 ಧಾರಾಳ ಸಾಕು. ಅಲ್ಲಿ ಬೇಕಾದುದು ತಲೆ ಒರೆಸಿ ಸ್ವಚ್ಛ ಮಾಡಿದ ಒಳ್ಳೆಯ ಟೇಪ್ ಡೆಕ್ಕು, ಸರಿಯಾದ ಸದ್ದಿನ ಮಟ್ಟ ಮತ್ತು ಎರಡು ಬೇರೆ ಬೇರೆ ಜಾಗಗಳಲ್ಲಿ ಪ್ರತಿ. ಯಾವ ಊರು, ಯಾವ ಪ್ರಸಂಗ, ಯಾರ ಅರ್ಥ, ಯಾವ ವರ್ಷ ಎಂದು ಕನ್ನಡದಲ್ಲಿ ಬರೆದಿಡುವುದನ್ನೂ ಮರೆಯಬಾರದು. ಈ ಬರೆಯುವ ಕೆಲಸಕ್ಕೆ ನಮ್ಮ ಮಕ್ಕಳೇ ಸಾಕು, ಹಿರಿಯರನ್ನು ಕೇಳಿ ತಿಳಿಯುವುದೇ ಅವರಿಗೊಂದು ಪಾಠವಾಗುತ್ತದೆ.

ಡಿಎಸಿ ಈ ವರ್ಷ ಕೊಂಡದ್ದು ಹಿಡಿಸದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು, ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತದೆ. ಬೂಸ್ಟು ತಿಂದ ಕ್ಯಾಸೆಟ್ಟಿಗೆ ಆ ಅನುಕೂಲ ಇಲ್ಲ. ಹೊಸ ಡಿಎಸಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲು ನಿಮ್ಮ ಊರಿನ ಶಾಲೆಯಲ್ಲಿ ಒಂದು ಟೇಪ್ ಡೆಕ್ಕಿಗೂ ಒಂದು ಹಾರ್ಡ್‌ಡಿಸ್ಕಿಗೂ ಕೊಟ್ಟು ನೋಡಿ. ಈ ಮಳೆಗಾಲ ಶುರುವಾಗುವ ಮೊದಲು ಕಪಾಟು ತೆರೆಯುತ್ತೀರಲ್ಲ?